ಹೆಬ್ಬೆರಳ ಹಿಂದಿನ ಬೆಟ್ಟ

ಕೆಂಪು ಅಂಕಿಗಳು ಓಡುತ್ತಿವೆ, ನಲವತ್ತೊಂದು ಸೆಕೆಂಡು, ನಲವತ್ತೆರಡು, ಗಾಜಿನ ಬೂತಿನೊಳಗೆ ಫ್ಯಾನಿಲ್ಲ, ಬೆವರು ಕಿವಿಯ ಹಿಂದಿನಿಂದ ಇಳಿದು ರಿಸೀವರಿನ ತೂತುಗಳಿಗೆ ತೊಟ್ಟಿಕ್ಕುತ್ತಿದೆ, ನಾನು ಮಾತ್ರ ಹಲ್ಲು ಕಟಕಟ ಅನ್ನಿಸುತ್ತಾ ಹೇಳುತ್ತಿದ್ದೇನೆ, ಏನ್ ಚಳಿ ಅಂತೀಯ ನಂಜಪ್ಪಣ್ಣ, ಡೆಲ್ಲಿ ಕಣಣ್ಣ ಡೆಲ್ಲಿ, ಹಿಮಾಲಯದಿಂದ ಮೊನ್ನೆ ಇಳ್ಕಂಡು ಬಂದೆ, ಮೀಸೇಲಿ ಇನ್ನೂ ಐಸು ಕುಂತದೆ, ಉಜ್ಜುದ್ರೆ ಉದುರ್ತದೆ — ಗಾಜಿನಾಚೆ ಶ್ರೀರಂಗಪಟ್ಟಣದ ಎರಡು ಗಂಟೆಯ ಬಿಸಿಲು, ಎಳನೀರು ಬುರುಡೆಗಳ ರಾಶಿ, ಮೈಸೂರಿನ ಬಸ್ಸಿಗೆ ಸೆರಗು ಸಿಕ್ಕಿಸಿಕೊಂಡು ಓಡುವ ಹೆಂಗಸು, ಬೂತಿನ ಸಾಬರು ಗಡ್ಡ ಕೆರೆಯುವುದನ್ನು ನಿಲ್ಲಿಸಿ ನನ್ನ ಮೀಸೆಯನ್ನೇ ನೋಡುತ್ತಿದ್ದಾರೆ, ಐಸು ಹುಡುಕುತ್ತಿದ್ದಾರೋ ಏನೋ. ನಂಜಪ್ಪಣ್ಣ ನಗಲಿಲ್ಲ. ಸಂತೆಬಾಚಹಳ್ಳಿಯಲ್ಲಿ ನನ್ನ ಅಕ್ಕನ ಮನೆಯಿಂದ ಮೂರನೇ ಬಾಗಿಲು ಅವನ ದಿನಸಿ ಅಂಗಡಿ, ಆ ಬೀದಿಗೆಲ್ಲ ಅದೊಂದೇ ಫೋನು, ನಾನು ಹೇಳಿದ್ದು ಅವನ ಬಾಯಿಂದ ಬೀದಿಗೆ ಹೋಗಬೇಕು, ಅದಕ್ಕೇ ಅವನಿಗೆ ಮಾಡುವುದು, ಅವನು ಬಾಯಿ ಕಳೆದರೆ ಇಡೀ ಬೀದಿ ಬಾಯಿ ಕಳೆದಂತೆ, ಆದರೆ ಅವನು, ನಿನ್ನ ಐಸು ಅತ್ಲಾಗೆ ಮಡಗ್ಲಾ ಸಿದ್ದರಾಜ, ವಿಷ್ಯ ಕೇಳಿಲ್ಲಿ, ನಿಮ್ಮಕ್ಕನ ಮಗಳು ಚಿನ್ನು ದೊಡ್ಡೋಳಾದ್ಲು ಕಣ್ಲಾ, ನೆನ್ನೆ ಸಂಜೆ, ಜಗುಲಿ ಮೂಲೇಲಿ ಕುಂತದೆ ಮಗ, ಗುಡ್ಲು ಹಾಕಕ್ಕೆ ಸೋದರಮಾವ ಬೇಕಲ್ಲ, ನೀನ್ ನೋಡುದ್ರೆ ಆಕಾಶ್ದಲ್ಲಿದ್ದೀಯ, ನಾಳೆ ಮಂಗಳವಾರ, ನಾಳೆ ಹಾಕಂಗಿಲ್ಲ, ಇವತ್ತು ದೀಪ ಹಚ್ಚೋದ್ರೊಳಗೆ ಆಗ್ಬೇಕು, ಅದಕ್ಕೆ ನಿಮ್ ಭಾವ ಪಾಂಡವಪುರದಿಂದ ಕುಮಾರನ್ನ ಕರ್ಸವ್ನೆ — ತೊಂಬತ್ತೆಂಟು, ತೊಂಬತ್ತೊಂಬತ್ತು — ಆದ್ರೆ ಆ ಮಗ ಅವನ ಕೈಲಿ ಗರಿ ಕಡ್ಸಕ್ಕೆ ಬುಡ್ತಾ ಇಲ್ಲ ಕಣ್ಲಾ, ನಮ್ಮಾವ ಬತ್ತದೆ, ಇವತ್ತೇ ಬತ್ತದೆ ಅಂತದೆ, ಪಾಪ, ಹಿಮಾಲಯ ಅಂದ್ರೆ ಕೆ.ಆರ್. ಪೇಟೆ ಆಚ್ಗೆ ಅಂದ್ಕಂಡದೆ, ನಿನ್ನ ನಾಕು ಕಾರ್ಡೂ ಹೋದ ಸೋಮವಾರ ಒಟ್ಟಿಗೇ ಬಂದೋ, ಅವನ್ನ ತೊಡೆ ಕೆಳಗೆ ಮಡೀಕಂಡು ರಸ್ತೇನೇ ನೋಡ್ತಾ ಕುಂತದೆ, ಒಂದು ಮಾತು ಹೇಳ್ಬುಡು ಅದ್ಕೆ, ಬರಕ್ಕಾಗಕ್ಕಿಲ್ಲ ಅಂತವ, ನಿಮ್ಮಕ್ಕನ್ನ ಕರೀಲಾ, ಅಂದ. ನಾನು ರಿಸೀವರು ಇಟ್ಟುಬಿಟ್ಟೆ.

ಏನ್ ಭಾಯಿ, ಡೆಲ್ಲಿ ಯಾವಾಗ್ ಬಂತು ನಮ್ ಪಟ್ಣಕ್ಕೆ, ನಮ್ಗೆ ಯಾರೂ ಹೇಳೇ ಇಲ್ವಲ್ಲ, ಅಂದರು ಸಾಬರು, ನಾನು ಉತ್ತರ ಕೊಡದೆ ಹೊರಬಂದೆ, ಮೂವತ್ನಾಲ್ಕು ವರ್ಷದಲ್ಲಿ ಯಾರಿಗಾದರೂ ಉತ್ತರ ಕೊಡದೆ ಹೋದದ್ದು ಇದೇ ಮೊದಲು. ಹೊಳೆಯ ಮೆಟ್ಟಿಲ ಮೇಲೆ ಕೂತೆ. ಕಾವೇರಿ ಇದ್ದಲ್ಲೇ ಇದ್ದಾಳೆ, ಯಾರೋ ಬಟ್ಟೆ ಒಗೆಯುತ್ತಿದ್ದಾರೆ, ಒಗೆದ ಸದ್ದು ತಡವಾಗಿ ಬರುತ್ತದೆ, ಕೈ ಮೇಲೆದ್ದ ಮೇಲೆ ಸದ್ದು. ಯೋಚನೆ ಮಾಡು ಸಿದ್ದರಾಜು, ನಾಗಮಂಗಲದಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವವನು ನೀನು, ಹೊಣಕೆರೆಯಿಂದ ಬೆಳ್ಳೂರಿನವರೆಗೆ ನೀನು ಕೈಯಿಟ್ಟ ಮೋಟಾರು ನೀರೆತ್ತದೆ ಇದ್ದದ್ದಿಲ್ಲ, ಒಂದು ಸಲ ನೀರೇ ಇಲ್ಲದ ಬಾವಿಯಲ್ಲೂ ಎತ್ತಿತು, ನಿನಗೆ ಇದೊಂದು ಕಷ್ಟವೇ. ಇನ್ನು ಹನ್ನೆರಡು ದಿನ ಈ ಪಟ್ಟಣದ ಲಾಡ್ಜಿನಲ್ಲಿ ಅಡಗಿರುವುದು, ಆಮೇಲೆ ಗಡ್ಡ ಬಿಟ್ಟುಕೊಂಡು ಗಾಡಿಗೆ ಕೆಸರು ಬಳಿದುಕೊಂಡು ಹಿಮಾಲಯದಿಂದ ಇಳಿದವನ ಹಾಗೆ ಊರಿಗೆ ಹೋಗುವುದು, ಹಾರ, ಟಮಟೆ, ಭಾವ ಕರಿಯಪ್ಪನ ಬೋಳಿಸಿದ ಮೀಸೆ. ಎಲ್ಲ ಆ ಮೀಸೆಯಿಂದಲೇ ಅಲ್ಲವೇ. ಗೌರಿಹಬ್ಬಕ್ಕೆ ಬಾಗಿನ ಕೊಡಲು ಹೋದವನಿಗೆ ಊಟದ ಎಲೆಯ ಮುಂದೆ, ನಿನ್ ಗಾಡಿ ನಾಗಮಂಗಲದ ಕೆರೆ ಏರಿ ದಾಟುದ್ರೆ ನನ್ ಮೀಸೆ ತಗುಸ್ತೀನಿ ಕಣ್ಲಾ ಅಂದ, ನಾನು ಹಿಮಾಲಯ ಅಂದೆ, ಮೈಸೂರು ಅಂದಿದ್ದರೆ ಸಾಕಾಗಿತ್ತು, ಬಾಯಿಗೆ ಬಂದದ್ದು ಹಿಮಾಲಯ, ಒಬ್ಬಟ್ಟು ಬಡಿಸುತ್ತಿದ್ದ ಅಕ್ಕ ಗೌರಕ್ಕನ ಕೈ ಅಲ್ಲೇ ನಿಂತಿತು, ಚಿನ್ನು ಮಾತ್ರ ಸ್ಕೂಲಿನ ಭೂಪಟ ತಂದು ಕೆಂಪು ಪೆನ್ನಿನಲ್ಲಿ ಗೆರೆ ಎಳೆದೇಬಿಟ್ಟಳು, ಇಂಗೋಗು ಮಾವ, ಇಲ್ಲಿಂದ ಇಂಗೆ ತಿರುಕ್ಕೊ.

ಹೋದೆ, ಹೋಗಲಿಲ್ಲ ಎಂದು ಯಾರು ಹೇಳಿಯಾರು, ಸಾತಾರದವರೆಗೆ ಹೋದೆ, ಅಲ್ಲಿಂದಾಚೆ ಗಾಡಿ ಬೇಡ ಅಂದಿತು — ಗಾಡಿಯೇ ಅಂದಿತು, ನನ್ನ ಗಾಡಿಯ ಹೆಸರು ಭೀಮ, ಭೀಮನಿಗೆ ಬೇಡ ಅನ್ನಿಸಿದ ಮೇಲೆ ನಾನು ಯಾರು. ಅಲ್ಲೊಂದು ಡಾಬಾದಲ್ಲಿ ಮಂಡ್ಯದಿಂದ ಡೆಲ್ಲಿಗೆ ಬೆಲ್ಲ ಹೊತ್ತ ಲಾರಿ ನಿಂತಿತ್ತು, ಡ್ರೈವರು ದೇವರಾಜು, ಊಟ ಆಯ್ತೇನಣ್ಣ ಅಂದ, ಎರಡು ದಿನದ ಮೇಲೆ ಕಿವಿಗೆ ಬಿದ್ದ ಕನ್ನಡ, ಕಣ್ಣಲ್ಲಿ ನೀರು ಬಂತು, ಮೆಣಸಿನಕಾಯಿ ಖಾರ ಎಂದೆ. ಅಲ್ಲೇ ಕೂತು ನಾಲ್ಕು ಕಾರ್ಡು ಬರೆದೆ, ಅಮದಾಬಾದಿನದು ಅಮದಾಬಾದಿನಲ್ಲಿ ಹಾಕು, ಜೈಪುರದ್ದು ಜೈಪುರದಲ್ಲಿ, ಡೆಲ್ಲಿಯದು ಡೆಲ್ಲಿಯಲ್ಲಿ, ಹಿಮಾಲಯದ ತಪ್ಪಲಿನದನ್ನು ಆ ಕಡೆ ಹೋಗುವ ಯಾವುದಾದರೂ ಲಾರಿಯವನಿಗೆ ಕೊಡು, ಅವನು ಹಾಕಲಿ. ಆಯ್ತು ಬುಡಣ್ಣ, ನಂಗೆ ಬುಡು ಅದ, ಅಂದು ನಾಲ್ಕನ್ನೂ ಲಾರಿಯೊಳಗೆ ತಲೆಯ ಮೇಲಿನ ತಗಡಿಗೆ ದೇವರ ಪಟದ ಹಿಂದೆ ಸಿಕ್ಕಿಸಿಕೊಂಡ. ಆದರೆ ನಾಲ್ಕೂ ಒಟ್ಟಿಗೆ ಯಾಕೆ ಬಂದವು, ನಂಜಪ್ಪಣ್ಣ ಒಟ್ಟಿಗೇ ಅಂದನಲ್ಲ, ಎಲ್ಲವನ್ನೂ ಡೆಲ್ಲಿಯಲ್ಲೇ ಹಾಕಿದನೋ ಏನೋ, ಹಾಕಲಿ, ಡೆಲ್ಲಿ ಆದರೂ ಡೆಲ್ಲಿಯೇ. ನಾನು ಸಮುದ್ರದ ಪಕ್ಕ ಹಿಡಿದು ಕೆಳಗಿಳಿದೆ, ಗೋವಾ, ಮಂಗಳೂರು, ಕೇರಳ, ಕನ್ಯಾಕುಮಾರಿಯವರೆಗೆ, ಇಪ್ಪತ್ತಮೂರು ದಿನ, ಒಬ್ಬನೇ, ಇದು ಸುಳ್ಳಲ್ಲ, ಮೂರು ಸಮುದ್ರ ಸೇರುವ ಕಡೆ ಸೊಂಟದವರೆಗೆ ನಿಂತಿದ್ದೇನೆ, ಮೂರು ಬಣ್ಣದ ಮರಳಿನ ಪೊಟ್ಟಣ ಟ್ಯಾಂಕಿನ ಮೇಲಿನ ಚೀಲದಲ್ಲಿದೆ, ನಾಗಮಂಗಲ ತಾಲ್ಲೂಕಿನಲ್ಲಿ ಯಾವ ಗಂಡಸೂ ಮಾಡದ್ದನ್ನು ಮಾಡಿದ್ದೇನೆ, ಒಬ್ಬರಿಗೂ ಹೇಳುವ ಹಾಗಿಲ್ಲ. ಮಾಡದ್ದನ್ನೆಲ್ಲ ಹೇಳಿಕೊಂಡು ತಿರುಗಿದವನಿಗೆ ಮಾಡಿದ್ದು ಒಂದೇ ಒಂದು, ಅದು ಆ ಮರಳಿನ ಜೊತೆ ಚೀಲದಲ್ಲೇ ಇದೆ.

ಗುಡ್ಲು. ಹುಡುಗಿ ದೊಡ್ಡವಳಾದರೆ ತಾಯಿಯ ಅಣ್ಣನೋ ತಮ್ಮನೋ ಬಂದು, ಹಸಿ ತೆಂಗಿನ ಗರಿ ಕಡಿದು, ಕೈಯಾರೆ ಅಂಗಳದಲ್ಲಿ ಗುಡ್ಲು ಕಟ್ಟಿ, ಒಳಗೆ ಹೋಗವ್ವ ಅನ್ನಬೇಕು, ಅಲ್ಲಿಯವರೆಗೆ ಜಗುಲಿಯ ಮೂಲೆ, ಯಾರೂ ಮುಟ್ಟುವ ಹಾಗಿಲ್ಲ, ಅವಳ ಕೈಯಲ್ಲಿರುವುದನ್ನೂ ಮುಟ್ಟುವ ಹಾಗಿಲ್ಲ. ಅಪ್ಪ ಅವ್ವ ಇಬ್ಬರೂ ಹೋಗಿ ಗೌರಕ್ಕನಿಗೆ ತವರು ಅಂದರೆ ನಾನೊಬ್ಬನೇ, ಒಂದು ಗಾಡಿ, ಒಂದು ಬಾಯಿ, ಅಷ್ಟೇ ತವರು. ನಾನಿರುವಾಗ ಚಿಕ್ಕಪ್ಪನ ಮಗ ಕುಮಾರನ ಕೈಯಿಂದ ಗರಿ ಬಿದ್ದರೆ ಬೀದಿಯಲ್ಲಿ ಏನು ಹೇಳುತ್ತಾರೆ, ಪುಟ್ಟಗೌರಮ್ಮಂಗೆ ತವರು ಮುಗೀತು ಅನ್ನುತ್ತಾರೆ, ಆಮೇಲೆ ಗೌರಿಹಬ್ಬಕ್ಕೆ ನಾನು ಬಾಗಿನ ಹಿಡಿದು ಹೋದರೆ ಯಾವ ಮುಖ ಹೊತ್ತು ಹೋಗುವುದು. ಹೋದರೆ ಸುಳ್ಳು ಬಯಲು. ಹೋಗದಿದ್ದರೆ — ಬಟ್ಟೆಯ ಸದ್ದು, ತಡವಾಗಿ ಬರುವ ಸದ್ದು. ಅಭ್ಯಾಸಬಲದಿಂದ ಹೆಬ್ಬೆರಳು ಎತ್ತಿದೆ, ಒಂದು ಕಣ್ಣು ಮುಚ್ಚಿದೆ, ಹೊಳೆಯಾಚೆಯ ತೆಂಗಿನ ತೋಟ ಹೆಬ್ಬೆರಳ ಹಿಂದೆ ಹೋಯಿತು. ಚಿನ್ನುವಿಗೆ ಐದು ವರ್ಷ ಆಗ, ಅದೇ ಜಗುಲಿ, ಮಂಜು ಇಲ್ಲದ ಬೆಳಗ್ಗೆ ಅಲ್ಲಿಂದ ಮೇಲುಕೋಟೆ ಬೆಟ್ಟ ಬೆಲ್ಲದಚ್ಚಿನಷ್ಟು ಕಾಣುತ್ತದೆ, ನಾನು ಆ ಬೆಟ್ಟನ ಒಂದು ಬೆಳ್ಳಲ್ಲಿ ಮಾಯ ಮಾಡ್ತೀನಿ ನೋಡ್ತೀಯಾ ಅಂದಿದ್ದೆ, ಅವಳ ಪುಟ್ಟ ಕೈ ಹಿಡಿದು ಹೆಬ್ಬೆರಳು ನಿಲ್ಲಿಸಿ ಒಂದು ಕಣ್ಣು ಮುಚ್ಚಿಸಿದ್ದೆ, ಮಾವ, ಬೆಟ್ಟ ಓಯ್ತು, ಎಲ್ಲೋಯ್ತು ಮಾವ, ಆವತ್ತು ಕಿರುಚಿದ್ದು ಎಂಟು ವರ್ಷದಿಂದ ಕೇಳುತ್ತಲೇ ಇದೆ, ಆಮೇಲೆ ನಾನು ಹುಲಿಯ ಜೊತೆ ಕುಸ್ತಿ ಮಾಡಿದೆ ಎಂದರೂ ನಂಬಿದಳು, ಮೊಸಳೆಯ ಹಲ್ಲುಜ್ಜಿದೆ ಎಂದರೂ ನಂಬಿದಳು, ಇಡೀ ಸಂತೆಬಾಚಹಳ್ಳಿಯಲ್ಲಿ ನನ್ನನ್ನು ನಂಬುವುದು ಆ ಒಂದು ಜೀವ. ಎದ್ದೆ. ಮೂರೂಕಾಲು. ಭೀಮ ಒಂದೇ ಒದೆಗೆ ಎದ್ದ — ಏಳು ಒದೆಗೆ.

ಒಂದು ಗಂಟೆ ಸುಮ್ಮನೆ ಕೂತು ಕಳೆದೆನಲ್ಲ, ಆ ಒಂದು ಗಂಟೆ, ಅದೀಗ ಬೆನ್ನಿಗೆ ಕಟ್ಟಿದ ಕಲ್ಲಿನ ಹಾಗೆ ಹಿಂದಕ್ಕೆ ಎಳೆಯುತ್ತಿದೆ, ಅರವತ್ತೈದು ಕಿಲೋಮೀಟರು, ಆರೂಕಾಲಿಗೆ ಹೊತ್ತು ಮುಳುಗುತ್ತದೆ, ಆದರೆ ಅಕ್ಕ ಆರಕ್ಕೇ ದೀಪ ಹಚ್ಚುತ್ತಾಳೆ, ಎರಡೂಮುಕ್ಕಾಲು ಗಂಟೆ, ಭೀಮ ಮನಸ್ಸು ಮಾಡಿದರೆ ಅರ್ಧ ಗಂಟೆ ಸಾಕು, ಮಾಡಬೇಕಲ್ಲ. ಕಾಕಂಬಿಯ ವಾಸನೆ ಮೂಗಿಗೆ ಬಡಿಯಿತು, ಪಾಂಡವಪುರ, ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳು ರಸ್ತೆ ತುಂಬ, ಒಂದರ ಬಾಲಕ್ಕೆ ಒಂದು, ಮುನ್ನೂರು ಗಾಡಿ, ಆರುನೂರು ಎತ್ತು, ನಡುವೆ ಟ್ರಾಕ್ಟರು ಕೆಟ್ಟು ಅಡ್ಡ ನಿಂತಿದೆ, ದೂರದಲ್ಲಿ ಕುಂತಿಬೆಟ್ಟ ಎರಡು ಕಲ್ಲಿನ ತಲೆ ಎತ್ತಿ ನೋಡುತ್ತಿದೆ, ಭೀಮಾ ನಿಮ್ಮವ್ವನ ಬೆಟ್ಟ ನೋಡೋ, ನುಗ್ಗೋ ಅಂದರೆ ನಿಂತಲ್ಲೇ ಹೊಗೆ ಬಿಡುತ್ತಾನೆ. ಸ್ವಲ್ಪ ಜಾಗ ಬುಡ್ರಣ್ಣ, ಸೋದರಮಾವ ಕಣ್ರಣ್ಣ, ಗುಡ್ಲು ಹಾಕ್ಬೇಕು, ಹೊತ್ತು ಮುಳುಗ್ತದೆ, ಎಂದು ಕೂಗಿದೆ, ಗಾಡಿಯ ಮೇಲೆ ಮಲಗಿದ್ದವನು ಕಬ್ಬು ಜಗಿಯುತ್ತಾ, ಸೋದರಮಾವ ಅಂದ್ರೆ ಮುಂಚೆನೇ ಹೊರಡ್ಬೇಕಪ್ಪ, ಎಲ್ಲೋಗಿದ್ದೆ ಇಷ್ಟೊತ್ತು, ಅಂದ. ಎಲ್ಲೋಗಿದ್ದೆ. ಅದೇ ಪ್ರಶ್ನೆ, ಕಬ್ಬಿನ ಗಾಡಿಯವನಿಗೂ ಅದೇ ಬೇಕು. ಹಿಮಾಲಯಕ್ಕೆ ಅಂದೆ. ಓ ಅಂಗಾದ್ರೆ ಲೇಟಾಗ್ತದೆ ಬುಡು ಅಂದ, ಎತ್ತಿನ ಬಾಲ ಮುರಿದ, ಗಾಡಿ ಒಂದಡಿ ಸರಿಯಿತು, ಆ ಒಂದಡಿಯಲ್ಲಿ ನಾನೂ ಭೀಮನೂ ಚೀಲವೂ ಮೂರು ಸಮುದ್ರದ ಮರಳೂ ತೂರಿಕೊಂಡೆವು, ಮೊಣಕಾಲು ಚರ್ಮ ಸುಲಿಯಿತು. ಈ ಊರಿನ ಕುಮಾರ ಬೆಳಗ್ಗೆ ಏಳರ ಬಸ್ಸಿಗೇ ಹೋಗಿರುತ್ತಾನೆ, ಕುಮಾರ ಎಲ್ಲಕ್ಕೂ ಏಳರ ಬಸ್ಸಿಗೆ ಹೋಗುವವನು, ಹಾಲಿನ ಡೈರಿಯ ಸೆಕ್ರೆಟರಿ, ಹಾಲಿಗೆ ಲ್ಯಾಕ್ಟೋಮೀಟರು ಅದ್ದಿ ಇಷ್ಟು ನೀರು ಎಂದು ಹೇಳಿ ಹೇಳಿ ಈಗ ಮಾತಿಗೂ ಅದನ್ನೇ ಅದ್ದುತ್ತಾನೆ, ನಾನು ಹತ್ತು ಆಳೆತ್ತರದ ಹಾವು ಎಂದರೆ ಮೆಲ್ಲಗೆ, ಕೇರೆ ಹಾವಿರ್ಬೇಕು ಅನ್ನುತ್ತಾನೆ, ಒಳ್ಳೆಯವನು, ಅವನು ಒಳ್ಳೆಯವನು ಅನ್ನುವುದೇ ಕಷ್ಟ, ಗುಡ್ಲನ್ನೂ ನನಗಿಂತ ನೆಟ್ಟಗೆ ಕಟ್ಟುತ್ತಾನೆ.

ನಾಲ್ಕೂಮುಕ್ಕಾಲು, ಚಿನಕುರಳಿ ದಾಟಿದೆ, ಈಗ ಏನು ಹೇಳುವುದು ಎಂದು ಸಿದ್ಧ ಮಾಡಿಕೊಳ್ಳಬೇಕು, ಏರೋಪ್ಲೇನು, ಹೌದು, ಡೆಲ್ಲಿಯಲ್ಲಿ ಫೋನು ಇಟ್ಟವನೇ ಏರೋಪ್ಲೇನು ಹತ್ತಿದೆ, ಒಬ್ಬ ಮಿಲಿಟರಿ ಸಾಹೇಬರ ಮೋಟಾರು ಸರಿ ಮಾಡಿಕೊಟ್ಟಿದ್ದೆ, ಅವರೇ ಕೂರಿಸಿದರು, ಭೀಮನನ್ನು ಏರೋಪ್ಲೇನಿನ ಹೊಟ್ಟೆಗೆ ಹಗ್ಗದಲ್ಲಿ ಕಟ್ಟಿದರು, ಬೆಂಗಳೂರಿನಲ್ಲಿ ಇಳಿದು — ಎರಡು ಗಂಟೆಗೆ ಡೆಲ್ಲಿ, ಆರಕ್ಕೆ ಸಂತೆಬಾಚಹಳ್ಳಿ, ನಾಲ್ಕು ಗಂಟೆ, ಬೆಂಗಳೂರಿನಿಂದಲೇ ಮೂರು ಗಂಟೆ ಬೇಕಲ್ಲ, ಕುಮಾರ ಲೆಕ್ಕ ಹಾಕಿಬಿಡುತ್ತಾನೆ, ಹಾಗಾದರೆ ಮಿಲಿಟರಿಯವರು ಕೆ.ಆರ್. ಪೇಟೆ ಮೈದಾನದಲ್ಲೇ ಇಳಿಸಿದರು ಎನ್ನಲೇ — ಥೂ — ಎದುರಿಗೆ ರಸ್ತೆಯೇ ಇಲ್ಲ, ಟಾರಿನ ಮೇಲೆ ಉದ್ದಕ್ಕೂ ಹುರುಳಿ ಗಿಡ ಹರಡಿದ್ದಾರೆ, ಬಸ್ಸು ಲಾರಿ ತುಳಿದು ಕಾಳು ಬಿಡಿಸಲಿ ಎಂದು, ನಾನು ಹುಟ್ಟಿದಾಗಿನಿಂದ ನೋಡಿದ ಒಕ್ಕಣೆ, ಪಕ್ಕಕ್ಕೆ ಇಳಿದು ಹೋಗಬೇಕು ಎಂದು ಗೊತ್ತು, ಎರಡು ಚಕ್ರದವನು ಹುರುಳಿಯ ಮೇಲೆ ಹೋಗಬಾರದೆಂದು ಹೊಣಕೆರೆಯ ಹಾಲುಗಲ್ಲದ ಮಕ್ಕಳಿಗೂ ಗೊತ್ತು, ಏರೋಪ್ಲೇನಿನಲ್ಲಿ ಹೋಗುತ್ತಿದ್ದವನಿಗೆ ಮಾತ್ರ ಗೊತ್ತಾಗಲಿಲ್ಲ. ಬಳ್ಳಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತು, ಚೈನಿಗೆ ಸುತ್ತಿಕೊಂಡಿತು, ಕುರಿಯ ಹಾಗೆ ಅರಚಿ ಭೀಮ ನಿಂತ, ನಾನು ಹುರುಳಿಯ ಮೇಲೆ ಮುಖ ಕೆಳಗಾಗಿ ಮಲಗಿದೆ, ಹೊಟ್ಟು ಬಾಯಿಗೆ, ಮೂಗಿಗೆ, ಮೀಸೆಗೆ. ಮೊರ ಹಿಡಿದ ಮುದುಕಿ ಓಡಿ ಬಂದಳು, ನಿನ್ ಕಣ್ಣಿಗೇನಾಗಿತ್ತಪ್ಪ ಹೆಡ್ಡ, ಬಸ್ಸಾದ್ರೆ ತುಳೀತದೆ, ನೀನು ತಿಂದಾಕ್ಬುಟ್ಯಲ್ಲ. ಮೂರು ಸಾವಿರ ಕಿಲೋಮೀಟರು ಹೊಡೆದ ನಾನು ಅವಳ ಕಾಲ ಬುಡದಲ್ಲಿ ಕೂತು ಚೈನಿನಿಂದ ಒಂದೊಂದೇ ಎಳೆ ಕೀಳುತ್ತಿದ್ದೇನೆ, ಹೊತ್ತು ನೋಡುತ್ತೇನೆ, ಕೀಳುತ್ತೇನೆ, ಹೊತ್ತು ಮುದುಕಿಯ ಹೆಗಲ ಮೇಲಿದೆ, ಕೀಳುತ್ತೇನೆ, ಈಗ ಸೊಂಟದ ಹತ್ತಿರ, ಜಗುಲಿ ಮೂಲೆ, ರಸ್ತೆ ನೋಡುವ ಕಣ್ಣು, ಮೊಣಕಾಲ ಮೇಲಿಟ್ಟ ಗಲ್ಲ. ಯಾಕಪ್ಪ ಅಳ್ತೀಯ, ಗಾಯ ಆಯ್ತಾ, ಅಂದಳು ಮುದುಕಿ. ಹೊಟ್ಟು ಕಣವ್ವ, ಕಣ್ಣಿಗೆ ಹೊಟ್ಟು ಬಿತ್ತು. ಅಕ್ಕನ ಮಗಳಿಗೆ ಗುಡ್ಲು ಹಾಕ್ಬೇಕು, ಹೊತ್ತೋಯ್ತಾ ಅದೆ. ಮುದುಕಿ ಮೊರ ಕೆಳಗಿಟ್ಟಳು, ಸೊಂಟದಲ್ಲಿದ್ದ ಕುಡುಗೋಲು ತೆಗೆದಳು, ಸರೀ ಅತ್ಲಾಗೆ, ಗುಡ್ಲು ಹಾಕೋ ಮಾವ ಇಲ್ಲಿ ಕುಂತವ್ನೆ ಎಳೆ ಬುಡುಸ್ಕಂಡು, ಎಂದು ಬೈಯುತ್ತಲೇ ಚೈನಿನ ಬಳ್ಳಿಯನ್ನೆಲ್ಲ ಪರಪರ ಕೊಯ್ದು ಹಾಕಿದಳು.

ಕೆ.ಆರ್. ಪೇಟೆ, ಐದೂಕಾಲು, ಬಟ್ಟೆ ಅಂಗಡಿ, ಹಸಿರು ಲಂಗದ ಬಟ್ಟೆ ಕೊಡಿ, ಎಷ್ಟು ವರ್ಷದ ಮಗುಗೆ, ಐದು ಅಂದುಬಿಟ್ಟೆ, ಅಲ್ಲ ಹದಿಮೂರು, ಹದಿಮೂರು, ಅಂಗಡಿಯವನು ಮೀಟರ್ ಕಡ್ಡಿ ಹಿಡಿದು ನನ್ನ ಮುಖ ನೋಡಿದ, ಕೂದಲ ತುಂಬ ಹುರುಳಿ, ತೆಂಗಿನಕಾಯಿ, ಬೆಲ್ಲ, ಕೊಬ್ಬರಿ, ಚೀಲದಲ್ಲಿ ಜಾಗವಿಲ್ಲ, ಅಂಗಿಯೊಳಗೆ ಹಾಕಿಕೊಂಡೆ, ತೆಂಗಿನಕಾಯಿ ಹೊಟ್ಟೆಗೆ ಗುದ್ದುತ್ತಿದೆ, ಇನ್ನು ಹದಿನೈದು ಕಿಲೋಮೀಟರು, ಮೂಡಲ ಕಡೆ ಮೇಲುಕೋಟೆ ಬೆಟ್ಟದ ತುದಿಗೆ ಮಾತ್ರ ಬಿಸಿಲಿದೆ, ಕೆಳಗೆಲ್ಲ ನೆರಳು, ಆ ಬಿಸಿಲು ಮೇಲಕ್ಕೆ ಸರಿದು ತುದಿ ಬಿಟ್ಟರೆ ಮುಗಿಯಿತು. ಗಾಡಿ ಬೇಡ ಅಂದದ್ದಲ್ಲ. ಈಗ ಯಾಕೆ ನೆನಪಾಗುತ್ತದೆ, ಬೇಡ, ನೆನಪಾಗುತ್ತದೆ, ಸಾತಾರದಾಚೆಯ ಘಾಟಿಯಲ್ಲಿ ಒಂದು ಲಾರಿ ತಿರುವಿನಲ್ಲಿ ಬಂದು ನನ್ನ ಹ್ಯಾಂಡಲಿನ ಕನ್ನಡಿಯನ್ನು ಮಾತ್ರ ಸವರಿಕೊಂಡು ಹೋಯಿತು, ನನಗೇನೂ ಆಗಲಿಲ್ಲ, ಕನ್ನಡಿ ಮಾತ್ರ ಇರಲಿಲ್ಲ, ಪಕ್ಕದಲ್ಲಿ ಕಣಿವೆ, ನಾನು ಗಾಡಿ ನಿಲ್ಲಿಸಿ ರಸ್ತೆಬದಿಯ ಕಲ್ಲನ್ನು ಎರಡು ಕೈಯಲ್ಲಿ ತಬ್ಬಿ ಕೂತೆ, ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ, ಇಲ್ಲಿ ಸತ್ತರೆ ನನ್ನ ಹೆಸರು ಹೇಳಲು ಯಾರಿಗೂ ಬಾಯಿಲ್ಲ ಅನ್ನಿಸಿತು, ನನ್ನ ಬಗ್ಗೆ ನಾನೇ ಹೇಳಬೇಕು, ಇನ್ಯಾರೂ ಹೇಳುವುದಿಲ್ಲ, ಅಷ್ಟೇ. ಹುಲಿಯೂ ಇಲ್ಲ, ಡಕಾಯಿತರೂ ಇಲ್ಲ. ಒಂದು ಕನ್ನಡಿ. ಇದನ್ನು ಯಾರಿಗೆ ಹೇಳುವುದು, ಎಷ್ಟು ಹಿಗ್ಗಿಸಿದರೂ ಒಂದು ಕನ್ನಡಿಯಷ್ಟೇ ಆಗುತ್ತದೆ. ಬೆಟ್ಟದ ತುದಿಯ ಬಿಸಿಲು ಉಗುರಿನಷ್ಟಾಗಿದೆ, ಓಡೋ ಭೀಮ, ಓಡಪ್ಪ, ನಿನ್ನ ಕಾಲಿಗೆ ಬೀಳುತ್ತೇನೆ, ಎಂಜಿನ್ನಿನ ಬಿಸಿ ಮೊಣಕಾಲ ಗಾಯಕ್ಕೆ ತಾಕಿ ಉರಿಯುತ್ತಿದೆ.

ಬೀದಿ ತುಂಬ ಜನ, ನನ್ನ ಗಾಡಿಯ ಸದ್ದಿಗೆ ಎಲ್ಲ ತಿರುಗಿದರು, ಅಂಗಳದಲ್ಲಿ ನಾಲ್ಕು ಗೂಟ ನೆಟ್ಟಿದೆ, ನೆಟ್ಟಗೆ, ಕುಮಾರನೇ ನೆಟ್ಟದ್ದು, ಅವನು ಕೈಯಲ್ಲಿ ಮಚ್ಚು ಹಿಡಿದು ಅಂಗಳದ ಗಿಡ್ಡ ತೆಂಗಿನ ಮರದ ಬುಡದಲ್ಲಿ ನಿಂತಿದ್ದಾನೆ, ಗರಿ ಇನ್ನೂ ಮರದಲ್ಲೇ ಇದೆ, ಗೌರಕ್ಕ ಬಾಗಿಲಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದಾಳೆ, ಹೊಸೆದದ್ದನ್ನೇ ಹೊಸೆಯುತ್ತಿದ್ದಾಳೆ, ಒಂದು ಬತ್ತಿಗೆ ಎಷ್ಟು ಹೊತ್ತು ಬೇಕು ಅಕ್ಕ. ಜಗುಲಿ ಮೂಲೆಯನ್ನು ನಾನು ನೋಡಲಿಲ್ಲ. ನೋಡಲಾಗಲಿಲ್ಲ. ಭಾವ ಕರಿಯಪ್ಪ ಮುಂದೆ ಬಂದ, ಏನ್ಲಾ, ಎರಡು ಗಂಟೇಲಿ ಡೆಲ್ಲೀಲಿದ್ದೋನು ಆರಕ್ಕೆ ಇಲ್ಲವ್ನೆ, ರೆಕ್ಕೆ ಬಂದೋ. ಹಿಂದಿನಿಂದ ನಂಜಪ್ಪಣ್ಣ, ಮೀಸೇಲಿ ಐಸದೆ ಅಂದ, ನೋಡ್ರಪ್ಪ ಯಾರಾದ್ರೂ, ಯಾರೋ ಹತ್ತಿರ ಬಂದು ನೋಡಿ, ಹುರ್ಳಿ ಹೊಟ್ಟದೆ ಕಣಣ್ಣ, ಅಂದರು, ಬೀದಿ ನಕ್ಕಿತು. ಏರೋಪ್ಲೇನು, ಈಗ ಹೇಳಬೇಕು, ಮಿಲಿಟರಿ ಸಾಹೇಬರು, ಹಗ್ಗ, ಬಾಯಿ ತೆರೆದೆ, ಅಷ್ಟರಲ್ಲಿ ಕುಮಾರ ಮೆಲ್ಲಗೆ, ಅವನ ಮಾತು ಯಾವಾಗಲೂ ಮೆಲ್ಲಗೇ, ಅದ್ಯಾಕೆ ಭಾವ ಜಗ್ಳ, ಕಾರ್ಡಿನ ಮೇಲೆ ಪೋಸ್ಟಾಫೀಸಿನ ಸೀಲಿರ್ತದಲ್ಲ, ಯಾವೂರಿಂದು ಅಂತ ಅದೇ ಹೇಳ್ತದೆ, ತೋರ್ಸವ್ವ ಚಿನ್ನು. ಲ್ಯಾಕ್ಟೋಮೀಟರು ಅದ್ದಿಬಿಟ್ಟ. ಎಲ್ಲರೂ ಜಗುಲಿ ಕಡೆ ತಿರುಗಿದರು, ನಾನೂ ತಿರುಗಿದೆ.

ಮೊಣಕಾಲ ಮೇಲೆ ಗಲ್ಲ, ನಾನು ದಾರಿಯುದ್ದಕ್ಕೂ ಕಂಡಂತೆಯೇ, ಆದರೆ ದೊಡ್ಡವಳಾಗಿದ್ದಾಳೆ, ನಾಲ್ಕೇ ತಿಂಗಳಲ್ಲಿ ಅಷ್ಟು ದೊಡ್ಡವಳಾಗಿದ್ದಾಳೆ, ಕಣ್ಣು ಕೆಂಪಾಗಿದೆ, ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ತೊಡೆಯ ಕೆಳಗಿನಿಂದ ಒಂದು ಕಾರ್ಡು ತೆಗೆದಳು, ಎತ್ತಿ ಹಿಡಿದಳು, ವಿಳಾಸದ ಪಕ್ಕದ ಜಾಗದಲ್ಲೂ ತುರುಕಿ ಬರೆದ ನನ್ನದೇ ಅಕ್ಷರ, ಇಲ್ಲಿ ಮೋಡಗಳನ್ನು ಕೈಯಲ್ಲಿ ಸರಿಸಿಕೊಂಡು ಹೋಗಬೇಕು, ಮೇಲಿನ ಮೂಲೆಯಲ್ಲಿ ಸೀಲು ಇರಬೇಕಾದ ಕಡೆ ಅವಳ ಹೆಬ್ಬೆರಳು. ಬೆಳ್ಳು ತಗಿ ಮಗ, ಅಂದ ಕುಮಾರ. ತೆಗೆಯಲಿಲ್ಲ. ಅವನು ಕೈ ಚಾಚಿದ, ಚಾಚಿದ್ದನ್ನು ಹಿಂದಕ್ಕೆ ಎಳೆದುಕೊಂಡ, ಮುಟ್ಟುವ ಹಾಗಿಲ್ಲ, ಗುಡ್ಲು ಏಳುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಹಿಮಾಲಯ ಅಂತ ಬರ್ದದಲ್ಲ, ಓದ್ಕಳಿ, ಅಂದಳು ಚಿನ್ನು, ಧ್ವನಿ ಒಡೆದಿತ್ತು, ನನ್ನನ್ನು ನೋಡಲಿಲ್ಲ, ಕಾರ್ಡನ್ನು ಮಾತ್ರ ಒಂದಿಷ್ಟು ನನ್ನ ಕಡೆ ತಿರುಗಿಸಿದಳು, ಹೆಬ್ಬೆರಳು ಒಂದು ಭತ್ತದ ಕಾಳಿನಷ್ಟು ಸರಿಯಿತು, ಕಪ್ಪು ದುಂಡು ಗೆರೆಯ ಅಂಚು, ಅಂಚಿನಲ್ಲಿ ಒಂದೇ ಒಂದು ಅಕ್ಷರ, ಕನ್ನಡದ ಅಕ್ಷರ, ಮಂ. ಮಂಡ್ಯ. ದೇವರಾಜು ನಾಲ್ಕನ್ನೂ ದೇವರ ಪಟದ ಹಿಂದೆ ಮರೆತು ಡೆಲ್ಲಿಗೂ ಹೋಗಿ ತಿರುಗಿ ಬಂದು ಮಂಡ್ಯದಲ್ಲಿ ಹಾಕಿದ್ದಾನೆ. ಹೋದ ಸೋಮವಾರ. ಎಂಟು ದಿನದಿಂದ ಈ ಹುಡುಗಿಗೆ ಗೊತ್ತು. ಎಂಟು ದಿನ ಒಬ್ಬರಿಗೂ ಹೇಳಿಲ್ಲ, ಮಾವ ಹಿಮಾಲಯದಲ್ಲಿಲ್ಲ, ಇಲ್ಲೇ ಎಲ್ಲೋ ಇದೆ, ಅದಕ್ಕೇ ಇವತ್ತೇ ಬತ್ತದೆ ಅಂದಳು, ನನ್ನ ಸುಳ್ಳನ್ನು ನಂಬಿ ಕೂತದ್ದಲ್ಲ, ಸುಳ್ಳೆಂದು ಗೊತ್ತಿದ್ದೂ ಕೂತದ್ದು, ಬೆಟ್ಟವೂ ಯಾವತ್ತೂ ಮಾಯವಾಗಿರಲಿಲ್ಲವೆಂದು ಅವಳಿಗೆ ಯಾವ ವಯಸ್ಸಿನಲ್ಲಿ ತಿಳಿಯಿತೋ, ಹುಲಿ, ಮೊಸಳೆ, ಎಲ್ಲ — ಪಟ್ಣದಲ್ಲಿದ್ದೆ ಭಾವ, ಅಂದೆ. ನನ್ನ ಧ್ವನಿಯೇ ಅಲ್ಲ ಅದು, ಸಣ್ಣ ಧ್ವನಿ. ಶ್ರೀರಂಗಪಟ್ಣದಲ್ಲೇ ಇದ್ದೆ, ಅಲ್ಲಿಂದ್ಲೇ ಫೋನ್ ಮಾಡ್ದೆ, ಹಿಮಾಲಯಕ್ಕೆ ಹೋಗಿಲ್ಲ, ಭಯ ಆಯ್ತು, ಸಾತಾರದಿಂದ್ಲೇ ತಿರುಕ್ಕಂಡೆ. ಬೀದಿ ನಗಲಿಲ್ಲ. ಭಾವ ಮೀಸೆಯ ಮೇಲೆ ಕೈ ಇಟ್ಟವನು ಹಾಗೇ ಇಟ್ಟುಕೊಂಡಿದ್ದ, ಗೌರಕ್ಕನ ಕೈಯ ಬತ್ತಿ ನಿಂತಿತು, ಇನ್ನೇನು ನೋಡ್ತಾ ನಿಂತೀರಿ, ಹೊತ್ತೋಯ್ತದೆ, ಮಚ್ಚು ಕೊಡೋ ಕುಮಾರ ಅವನ್ಗೆ, ಅಂದಳು. ಕುಮಾರ ಹಿಡಿ ನನ್ನ ಕಡೆ ಮಾಡಿ ಕೊಟ್ಟ.

ಕಡಿದೆ, ಮೊದಲ ಗರಿ ಬಿತ್ತು, ಎರಡನೆಯದು, ಗೂಟಕ್ಕೆ ಕಟ್ಟುತ್ತಿದ್ದೇನೆ, ಹಸಿ ಗರಿಯ ವಾಸನೆ, ಕೈಗೆ ಅಂಟು, ಒಂದು ಮೂಲೆ ಸೊಟ್ಟಗಾಯಿತು, ಮೇಲುಕೋಟೆ ಕಡೆ ನೋಡಿದೆ, ಬೆಟ್ಟ ಕತ್ತಲಿಗೆ ಹೋಗುತ್ತಿದೆ, ಇದು ಭೂಮಿಯ ಮೇಲಿನ ಅತ್ಯಂತ ದೊಡ್ಡ ಗುಡ್ಲು ಎಂದು ನಾಳೆ ನಾಗಮಂಗಲದಲ್ಲಿ ಹೇಳಬಹುದು, ಹೇಳಲೇ, ಕೊನೆಯ ಗಂಟು ಹಾಕಿದೆ, ಈಗ ನಾನು ಹೇಳಬೇಕು, ಸೋದರಮಾವನೇ ಹೇಳಬೇಕು, ಒಳಗೆ ಹೋಗವ್ವ, ಎರಡೇ ಮಾತು, ಗರಿಯ ಬಾಗಿಲ ಹತ್ತಿರ ನಿಂತು ತಿರುಗಿ ನೋಡುತ್ತೇನೆ, ಎಲ್ಲ ಹೇಳಿಯಾಯಿತಲ್ಲ ಚಿನ್ನು, ಎಲ್ಲರಿಗೂ ಗೊತ್ತಾಯಿತಲ್ಲ, ಇನ್ನು ಕೈ ಇಳಿಸಬಹುದಲ್ಲ ಮಗ, ಇಳಿಸಿಲ್ಲ, ಕಾರ್ಡು ಹಾಗೇ ಎತ್ತಿದೆ, ಉಗುರಿನ ತುದಿ ಬೆಳ್ಳಗಾಗುವಷ್ಟು ಒತ್ತಿ ಹಿಡಿದಿದ್ದಾಳೆ, ಆ ಹೆಬ್ಬೆರಳು, ಸೀಲಿನ ಮೇಲೆ, ಇನ್ನೂ ಸೀಲಿನ ಮೇಲೆ, ಹೆಬ್ಬೆರಳು —